ಇವತ್ತು ಆಪರೇಷನ್ ಇಲ್ಲ ಅಂದಾಗ

(ಶಿರಸಿಯಲ್ಲಿ ಹಿರಿಯ ನಾಗರಿಕರ ಒಂದು ಸಭೆಯಲ್ಲಿ ಮಾತಾಡಿದ್ದರ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಅರಿವಳಿಕೆ ಕೊಡುವ ಡಾಕ್ಟರು. ಅಂದರೆ ಆಪರೇಷನ್‌ಗೆ ಮೊದಲು ಮಂಪರು ಕೊಟ್ಟು, ಮುಗಿಯುವ ತನಕ ತಲೆಯ ಹತ್ತಿರ ಕೂತಿರುವವರು. ಸರ್ಜನ್ ಹೆಸರು ಮನೆಮಂದಿಗೆಲ್ಲ ನೆನಪಿರುತ್ತೆ, ನಮ್ಮ ಹೆಸರು ಬಿಲ್ಲಿನಲ್ಲಿ ಮಾತ್ರ ಕಾಣುತ್ತೆ. ಆದರೆ ‘ಇವತ್ತು ಬೇಡ’ ಅನ್ನುವ ಮಾತು ಬಹಳ ಸಲ ಬರುವುದು ನಮ್ಮ ಬಾಯಿಂದಲೇ. ಹಾಗಾಗಿ ಈ ವಿಷಯಕ್ಕೆ ನನ್ನನ್ನು ಕರೆದದ್ದು ಸರಿಯಾಗಿಯೇ ಇದೆ. ಬೈಯಬೇಕು ಅಂತ ಕಾದಿದ್ದವರಿಗೆ ಆಳು ಎದುರಿಗೇ ಸಿಕ್ಕಿದ್ದಾರೆ.

ಅಪಘಾತ, ಕಷ್ಟದ ಹೆರಿಗೆ, ಕರುಳು ತಿರುಚಿಕೊಂಡದ್ದು, ಇಂಥವನ್ನು ಯಾರೂ ಮುಂದೂಡುವುದಿಲ್ಲ. ನಾನು ಮಾತಾಡುವುದು ತಾರೀಖು ಕೊಟ್ಟು ಮಾಡುವ ಆಪರೇಷನ್‌ಗಳ ಬಗ್ಗೆ. ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶ, ಪ್ರಾಸ್ಟೇಟ್, ಮಂಡಿ ಬದಲಿಸುವುದು, ಕಣ್ಣಿನ ಪೊರೆ, ಮಕ್ಕಳ ಟಾನ್ಸಿಲ್.

ತಾರೀಖು ಸಿಕ್ಕಿದ ಮನೆಯಲ್ಲಿ ಏನೇನು ನಡೆಯುತ್ತೆ ಅಂತ ನಿಮಗೆ ಗೊತ್ತು. ಸಿದ್ದಾಪುರದ ಕಡೆಯ ಒಂದು ಒಂಟಿ ಮನೆ ಅಂತಿಟ್ಟುಕೊಳ್ಳಿ. ಹಾಲು ಕರೆಯಲು ಪಕ್ಕದ ಮನೆಯವರನ್ನು ಒಪ್ಪಿಸಬೇಕು. ಬೆಂಗಳೂರಿನಲ್ಲಿರುವ ಮಗ ರಜೆ ಹಾಕಬೇಕು. ಅಜ್ಜಿಯನ್ನು ನೋಡಿಕೊಳ್ಳಲು ಮಗಳು ಗಂಡನ ಮನೆಯಿಂದ ಬರಬೇಕು. ಸೊಸೈಟಿಯಲ್ಲಿ ದುಡ್ಡು ತೆಗೆದಿಡಬೇಕು. ಇಷ್ಟೆಲ್ಲ ಆಗಿ, ಹಿಂದಿನ ಸಂಜೆ ಅಡ್ಮಿಟ್ ಆಗಿ, ರಾತ್ರಿ ನಿದ್ದೆ ಬಾರದೆ ಹೊರಳಾಡಿ, ಬೆಳಗ್ಗೆ ಹಸಿರು ಗೌನ್ ಹಾಕಿಕೊಂಡು ಕೂತವರಿಗೆ ಹನ್ನೊಂದು ಗಂಟೆಗೆ ಒಬ್ಬ ಸಿಸ್ಟರ್ ಬಂದು, ‘ಇವತ್ತು ಆಗೋದಿಲ್ಲ, ಊಟ ಮಾಡಿ’ ಅನ್ನುತ್ತಾರೆ. ಕಾರಣ ಕೇಳಿದರೆ ‘ಡಾಕ್ಟ್ರು ಹೇಳಿದ್ದಾರೆ’. ಸಿಟ್ಟು ಬರದೇ ಇರುತ್ತಾ?

ಇಷ್ಟು ವರ್ಷ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು. ಬೆಳಗ್ಗೆ ಟೇಬಲ್ ಹತ್ತಿರ ಸಿಗುವ ಕಾರಣಗಳಲ್ಲಿ ಬಹಳಷ್ಟು ಹದಿನೈದು ದಿನ ಮೊದಲೇ ಸಿಗುತ್ತಿದ್ದವು. ಯಾರೂ ಹುಡುಕಿರಲಿಲ್ಲ, ಅಷ್ಟೇ. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ ಇರುತ್ತೆ.

ಹೊಟ್ಟೆಯಿಂದ ಶುರು ಮಾಡೋಣ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಯಾಕೆ ಹೇಳುತ್ತೇವೆ? ಎಚ್ಚರ ಇದ್ದಾಗ ಒಂದು ಅಗುಳು ದಾರಿ ತಪ್ಪಿದರೂ ನೆತ್ತಿಗೆ ಹತ್ತುತ್ತೆ, ಕೆಮ್ಮಿ ಕೆಮ್ಮಿ ಹೊರಗೆ ಹಾಕುತ್ತೇವೆ. ಮಂಪರಿನಲ್ಲಿ ಆ ಕೆಮ್ಮು ಸತ್ತುಹೋಗಿರುತ್ತೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಸೀದಾ ಶ್ವಾಸಕೋಶಕ್ಕೆ ಇಳಿಯುತ್ತೆ. ಅದರಲ್ಲಿ ಆಮ್ಲ ಇರುವುದರಿಂದ ಸುಡುತ್ತೆ. 1946ರಲ್ಲಿ ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ ಇದರ ಲೆಕ್ಕ ಪ್ರಕಟಿಸಿದರು. ಸುಮಾರು 44,000 ಹೆರಿಗೆಗಳಲ್ಲಿ 66 ಜನರಿಗೆ ಹೀಗಾಗಿತ್ತು. ಅವರಲ್ಲಿ ಸತ್ತವರು ಇಬ್ಬರು. ಇಬ್ಬರೂ ಗಟ್ಟಿ ಆಹಾರ ಸಿಕ್ಕಿಕೊಂಡು ಉಸಿರು ಕಟ್ಟಿ ಸತ್ತವರು. ಖಾಲಿ ಹೊಟ್ಟೆಯ ಬಗ್ಗೆ ನಾವು ಇಷ್ಟು ಹಟ ಹಿಡಿಯುವುದು ಅಲ್ಲಿಂದ ಬಂದದ್ದು.

ಈಗಿನ ಲೆಕ್ಕ ಹೀಗಿದೆ. ಕರಿದದ್ದು, ಮಾಂಸ, ಜಿಡ್ಡಿನ ಊಟ ಆದರೆ 8 ಗಂಟೆ ಬಿಡಬೇಕು. ಹಗುರವಾದ ತಿಂಡಿ, ಹಸುವಿನ ಹಾಲು ಆದರೆ 6 ಗಂಟೆ. ಮಗುವಿಗೆ ಎದೆಹಾಲು ಕೊಟ್ಟಿದ್ದರೆ 4 ಗಂಟೆ. ಬರೀ ನೀರಾದರೆ 2 ಗಂಟೆ ಸಾಕು. ಅಮೆರಿಕದ ಅರಿವಳಿಕೆ ವೈದ್ಯರ ಸಂಘ 1999ರಲ್ಲೇ ಈ ಲೆಕ್ಕ ಕೊಟ್ಟಿತ್ತು, ಬೇರೆ ಕಡೆಯೂ ಹೆಚ್ಚುಕಮ್ಮಿ ಇದೇ ನಡೆಯುತ್ತೆ. ಒಂದು ಗಮನಿಸಿ, ಹಾಲು ನೀರಿನ ಗುಂಪಿಗೆ ಸೇರಿಲ್ಲ. ಹೊಟ್ಟೆಯೊಳಗೆ ಅದು ಒಡೆದು ಗಟ್ಟಿಯಾಗುತ್ತೆ. ಹಾಗಾಗಿ ಹಾಲು ಹಾಕಿದ ಚಾ ತಿಂಡಿಯ ಲೆಕ್ಕ. ನಮ್ಮ ಮನೆಗಳಲ್ಲಿ ಬೆಳಗ್ಗೆ ಎದ್ದು ಕುಡಿಯುವ ಹಾಲು-ಬೆಲ್ಲದ ಕಷಾಯವೂ ತಿಂಡಿಯ ಲೆಕ್ಕವೇ. ‘ಕಷಾಯ ಔಷಧಿಯಲ್ವಾ ಡಾಕ್ಟ್ರೇ’ ಅಂತ ಕೇಳಿದವರಿದ್ದಾರೆ. (ಸಭೆಯಲ್ಲಿ ನಗು)

ಕಷಾಯಕ್ಕಿಂತ ದೊಡ್ಡ ತಾಪತ್ರಯ ಕವಳ, ಅಂದರೆ ಎಲೆ-ಅಡಿಕೆ. ಒಬ್ಬರು ಹಿರಿಯರು, ಎಪ್ಪತ್ತು ದಾಟಿದವರು, ಹರ್ನಿಯಾ ಆಪರೇಷನ್‌ಗೆ ಬಂದಿದ್ದರು. ರಾತ್ರಿ ಎಂಟಕ್ಕೇ ಗಂಜಿ ಉಂಡಿದ್ದರು, ಬೆಳಗ್ಗೆ ಒಂದು ಹನಿ ನೀರು ಮುಟ್ಟಿರಲಿಲ್ಲ. ಪಾಪ, ಬಹಳ ಶಿಸ್ತಿನವರು. ಬಾಯಿ ತೆರೆಯಿರಿ ಅಂದೆ. ಒಳಗೆ ಕೆಂಪೋ ಕೆಂಪು, ನಾಲಿಗೆಯ ಅಡಿಯಲ್ಲಿ ಅಡಿಕೆ ಚೂರು. ಕೇಳಿದರೆ, ‘ಎಂತೂ ತಿಂದಿದ್ನಿಲ್ಲೆ, ಒಂದ್ ಕವಳ ಹಾಕಿದ್ದಿ ಅಷ್ಟೇಯ’ ಅಂದರು. ಅವರ ಮಟ್ಟಿಗೆ ಅದು ಸತ್ಯವೇ. ಕವಳವನ್ನು ಊಟ ಅಂತ ಯಾರು ಲೆಕ್ಕ ಹಾಕುತ್ತಾರೆ ಹೇಳಿ! ಆದರೆ ಜಗಿಯಲು ಶುರು ಮಾಡಿದ ತಕ್ಷಣ ಜೊಲ್ಲು ಜಾಸ್ತಿಯಾಗುತ್ತೆ, ಹೊಟ್ಟೆಯೂ ರಸ ಬಿಡುತ್ತೆ. ಬಾಯಲ್ಲಿ ಉಳಿದ ಚೂರು ಎಲ್ಲಿಗೆ ಬೇಕಾದರೂ ಹೋಗಬಹುದು. ‘ಖಾಲಿ ಹೊಟ್ಟೆ’ ಅಂತ ಚೀಟಿಯಲ್ಲಿ ಬರೆದು ಕೈ ತೊಳೆದುಕೊಂಡವರು ‘ಕವಳ ಬೇಡ, ಚಾ ಬೇಡ, ಕಷಾಯ ಬೇಡ’ ಅಂತ ಬಿಡಿಸಿ ಬರೆಯಬೇಕಿತ್ತು. ಆ ತಪ್ಪನ್ನು ಹಿರಿಯರ ತಲೆಗೆ ಕಟ್ಟಲು ಬರುವುದಿಲ್ಲ.

ಇದರ ಇನ್ನೊಂದು ತುದಿಯೂ ಇದೆ. ಎಲ್ಲರಿಗೂ ಒಂದೇ ಮಾತು, ‘ರಾತ್ರಿ ಹನ್ನೆರಡರ ಮೇಲೆ ಏನೂ ಬೇಡ’. ಮಧ್ಯಾಹ್ನ ಎರಡಕ್ಕೆ ಸರದಿ ಇರುವ ಎಂಬತ್ತರ ಅಜ್ಜಿ ಹದಿನಾಲ್ಕು ಗಂಟೆ ನೀರಿಲ್ಲದೆ ಒಣಗುತ್ತಾರೆ. ಆಮೇಲೆ ಬಿಪಿ ಇಳಿದಿದೆ, ಮೈಯಲ್ಲಿ ನೀರಿಲ್ಲ ಅಂತ ತಡ ಮಾಡುತ್ತಾರೆ. ಇದು ಆಸ್ಪತ್ರೆಗಳ ಸೋಮಾರಿತನ ಅಂತಲೇ ನಾನು ಹೇಳುತ್ತೇನೆ. ‘ನನ್ನ ಸರದಿ ಎಷ್ಟು ಗಂಟೆಗೆ, ಎಷ್ಟರ ತನಕ ನೀರು ಕುಡಿಯಬಹುದು’ ಅಂತ ಧೈರ್ಯವಾಗಿ ಕೇಳಿ.

ಬಾಯಿ ತೆರೆಸಿ ನೋಡಲು ಇನ್ನೂ ಒಂದು ಕಾರಣವಿದೆ. ಪೂರ್ತಿ ಮಂಪರು ಕೊಟ್ಟರೆ ಗಂಟಲಿನೊಳಗೆ ಉಸಿರಾಟದ ನಳಿಗೆ ಹಾಕಬೇಕು. ಅದಕ್ಕೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಿಡಿಯುವಷ್ಟು ಬಾಯಿ ತೆರೆಯಬೇಕು. ಅಡಿಕೆ ಬೆಳೆಯುವ ಊರಲ್ಲಿ ನಿಂತು ಇದನ್ನು ಹೇಳುವುದು ಕಷ್ಟ, ನಮ್ಮ ಮನೆಗೂ ತೋಟವಿದೆ. ಆದರೂ ಹೇಳಲೇಬೇಕು. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ, ಅದರಲ್ಲೂ ಗುಟ್ಕಾ ಹಾಕುವವರಲ್ಲಿ, ಕೆನ್ನೆಯ ಒಳಗಿನ ಪದರ ಗಡುಸಾಗಿ ನಾರು ಕಟ್ಟುತ್ತೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಅದಕ್ಕೆ ಹೆಸರು. ಮೂವತ್ತು ವರ್ಷದ ಹುಡುಗರು ಒಂದೂವರೆ ಬೆರಳು ಬಾಯಿ ತೆರೆಯುತ್ತಾರೆ. ಅಂಥವರಿಗೆ ನಳಿಗೆ ಹಾಕಲು ಬಾಗುವ ಸ್ಕೋಪ್, ಅಂದರೆ ಗಂಟಲಿನ ಒಳಗೆ ಇಣುಕಿ ನೋಡುವ ಸಪೂರ ಸಾಧನ ಬೇಕು. ಸಣ್ಣ ಆಸ್ಪತ್ರೆಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಬೆಳಗ್ಗೆ ಟೇಬಲ್ ಹತ್ತಿರ ಗೊತ್ತಾದರೆ ಆಪರೇಷನ್ ರದ್ದು. ಹದಿನೈದು ದಿನ ಮೊದಲು ಗೊತ್ತಾಗಿದ್ದರೆ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ನೇರವಾಗಿ ತಾರೀಖು ತೆಗೆದುಕೊಳ್ಳಬಹುದಿತ್ತು. ನೋಡಲು ಬೇಕಿದ್ದದ್ದು ಅರ್ಧ ನಿಮಿಷ, ಅವರದೇ ಮೂರು ಬೆರಳು.

ಈಗ ಮಾತ್ರೆಗಳಿಗೆ ಬರೋಣ. ನಿಮ್ಮಲ್ಲಿ ಬಹಳ ಜನರ ಕಿಸೆಯಲ್ಲಿ, ಸಂಚಿಯಲ್ಲಿ ಇರುವ ವಿಷಯ ಇದು.

ರಕ್ತ ತೆಳು ಮಾಡುವ ಮಾತ್ರೆ ಮೊದಲನೆಯದು. ಕ್ಲೋಪಿಡೋಗ್ರೆಲ್ ಅನ್ನು ದೊಡ್ಡ ಆಪರೇಷನ್‌ಗೆ 5ರಿಂದ 7 ದಿನ ಮೊದಲು ನಿಲ್ಲಿಸುತ್ತಾರೆ. ವಾರ್ಫರಿನ್ 5 ದಿನ. ಹೊಸ ಕಾಲದ ಕೆಲವು ಮಾತ್ರೆಗಳಿಗೆ ಒಂದರಿಂದ ಮೂರು ದಿನ ಸಾಕು. ಆಸ್ಪಿರಿನ್ ಮಾತ್ರ ಎಷ್ಟೋ ಸಲ ಮುಂದುವರಿಸುತ್ತಾರೆ. ಹಿಂದಿನ ರಾತ್ರಿ ಅಡ್ಮಿಟ್ ಆದಾಗ ‘ಹೃದಯದ್ದು ಒಂದು ಸಣ್ಣ ಮಾತ್ರೆ ತಗೋತೀನಿ’ ಅಂತ ಹೇಳಿದರೆ ಕಾಲ ಮಿಂಚಿರುತ್ತೆ. ಕಾಲು ಮರಗಟ್ಟಿಸಲು ಸೊಂಟಕ್ಕೆ ಇಂಜೆಕ್ಷನ್ ಕೊಡುವಾಗ ಬೆನ್ನುಹುರಿಯ ಹತ್ತಿರ ರಕ್ತ ಸೋರಿ ಹೆಪ್ಪುಗಟ್ಟಿದರೆ ಕಾಲಿನ ಬಲವೇ ಹೋಗಬಹುದು. ಯಾವ ಡಾಕ್ಟರೂ ಆ ಅಪಾಯಕ್ಕೆ ಕೈ ಹಾಕುವುದಿಲ್ಲ. ಹಾಗಂತ ನೀವೇ ಮನೆಯಲ್ಲಿ ನಿಲ್ಲಿಸಿಬಿಡುವುದು ಇನ್ನೂ ಕೆಟ್ಟದ್ದು. ಹೃದಯಕ್ಕೆ ಸ್ಟೆಂಟ್ (ರಕ್ತನಾಳ ಮುಚ್ಚದಂತೆ ಇಡುವ ಸಣ್ಣ ಬಲೆ) ಹಾಕಿಸಿಕೊಂಡು ಆರು ತಿಂಗಳು ಆಗಿಲ್ಲ ಅಂದರೆ ತುರ್ತಿಲ್ಲದ ಆಪರೇಷನ್ ಅನ್ನೇ ಸಾಮಾನ್ಯವಾಗಿ ಮುಂದೂಡುತ್ತೇವೆ. ಹಾರ್ಟ್ ಅಟ್ಯಾಕ್ ಆಗಿ ಹಾಕಿದ ಸ್ಟೆಂಟ್ ಆದರೆ ಒಂದು ವರ್ಷ ಕಾಯುವುದು ಒಳ್ಳೆಯದು. ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟುವ ಭಯ.

ಸಕ್ಕರೆ ಕಾಯಿಲೆಯವರದ್ದು ಎರಡನೆಯದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆಗಳಿವೆ. ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರ ಅಕ್ಟೋಬರ್‌ನಲ್ಲಿ ಮುಗಿಯಿತು. ಬೆಲೆ ಇಳಿಯಿತು, ಈಗ ಊರೂರಿನಲ್ಲಿ ಸಿಗುತ್ತೆ. ಒಳ್ಳೆಯ ಮಾತ್ರೆ, ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುತ್ತೆ. ಆದರೆ ಉಪವಾಸ ಇದ್ದಾಗ ಇದನ್ನು ತೆಗೆದುಕೊಂಡರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಮೋಸ ಎಲ್ಲಿದೆ ಅಂದರೆ, ಶುಗರ್ ಮೀಟರ್ ಮಾಮೂಲಿ ಅಂಕಿಯನ್ನೇ ತೋರಿಸುತ್ತಿರುತ್ತೆ, ಒಳಗೆ ಹಾಳಾಗುತ್ತಿರುತ್ತೆ. ಆಪರೇಷನ್‌ಗೆ 3 ದಿನ ಮೊದಲೇ ಇವನ್ನು ನಿಲ್ಲಿಸಬೇಕು ಅಂತ ಅಮೆರಿಕದ ಔಷಧಿ ಇಲಾಖೆ 2020ರಲ್ಲಿ ಹೇಳಿತು. ಎಷ್ಟೋ ಸಲ ಇದು ಬೇರೆ ಮಾತ್ರೆಯ ಜೊತೆ ಒಂದೇ ಗುಳಿಗೆಯಲ್ಲಿ ಸೇರಿರುತ್ತೆ. ಹೆಸರು ನೋಡಿದರೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಹೇಳುವುದು, ಚೀಟಿ ಸಾಲದು, ಮಾತ್ರೆಯ ಸ್ಟ್ರಿಪ್ಪನ್ನೇ ತನ್ನಿ. ಬೆಳ್ಳಿ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ನಾವು ಕನ್ನಡಕ ಹಾಕಿಕೊಂಡು ಓದುತ್ತೇವೆ.

ಬಿಪಿ ಮಾತ್ರೆಯಲ್ಲಿ ತಪ್ಪು ಉಲ್ಟಾ ಆಗುತ್ತೆ. ಖಾಲಿ ಹೊಟ್ಟೆ ಅಂದರಲ್ಲ ಅಂತ ದಿನವೂ ತೆಗೆದುಕೊಳ್ಳುವ ಮಾತ್ರೆಯನ್ನೂ ಬಿಟ್ಟು ಬರುತ್ತಾರೆ. ಬೆಳಗ್ಗೆ ನೋಡಿದರೆ 200/110. ಬಿಪಿಯ ಎಷ್ಟೋ ಮಾತ್ರೆಗಳನ್ನು ಒಂದು ಗುಟುಕು ನೀರಿನಲ್ಲಿ ಅವತ್ತೂ ನುಂಗಬೇಕು. ಟೆಲ್ಮಿಸಾರ್ಟನ್ ಥರದ ಕೆಲವನ್ನು ಮಾತ್ರ ಅವತ್ತಿಗೆ ಬಿಡಲು ಹೇಳುತ್ತಾರೆ, ಮಂಪರಿನಲ್ಲಿ ಬಿಪಿ ತೀರಾ ಕುಸಿಯುತ್ತೆ ಅಂತ. ಯಾವುದು ನುಂಗಬೇಕು, ಯಾವುದು ಬಿಡಬೇಕು ಅಂತ ಬರೆಸಿಕೊಳ್ಳಿ.

ಇದನ್ನೆಲ್ಲ ಹುಡುಕಲು ಒಂದು ತಪಾಸಣೆ ಇದೆ. ಆಸ್ಪತ್ರೆಯಲ್ಲಿ ಪಿಎಸಿ ಅನ್ನುತ್ತಾರೆ, ಜನ ‘ಫಿಟ್‌ನೆಸ್ ನೋಡೋದು’ ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದು ನಡೆಯುವುದು ಸಾಮಾನ್ಯವಾಗಿ ಹಿಂದಿನ ದಿನ ಸಂಜೆ. ಯಾಕೆ ಅಂತ ನನಗೆ ಗೊತ್ತು. ಜೋಯಿಡಾದಿಂದ ಕಾರವಾರಕ್ಕೆ, ಯಲ್ಲಾಪುರದ ಒಳಗಿನ ಹಳ್ಳಿಯಿಂದ ಶಿರಸಿಗೆ ಒಂದು ಸಲ ಬಂದು ಹೋಗುವುದೆಂದರೆ ಇಬ್ಬರ ಒಂದು ದಿನದ ಕೂಲಿ ಹೋಯ್ತು. ಬಸ್ ಛಾರ್ಜು, ಹೋಟೆಲ್ ಊಟ ಬೇರೆ. ‘ಒಂದೇ ಸಲ ಬಂದು ಮುಗಿಸಿಕೊಂಡು ಹೋಗ್ತೇವೆ’ ಅಂತ ಅವರು ಅನ್ನುತ್ತಾರೆ, ಆಸ್ಪತ್ರೆಯವರೂ ಹೂಂ ಅನ್ನುತ್ತಾರೆ. ಉಳಿಸಿದ ಆ ಒಂದು ಓಡಾಟಕ್ಕೆ ಆಮೇಲೆ ಮೂರರಷ್ಟು ಕೊಡಬೇಕಾಗುತ್ತೆ.

ತಾರೀಖು ಕೊಡುವ ದಿನವೇ ಅರಿವಳಿಕೆ ವೈದ್ಯರಿಗೂ ತೋರಿಸಿಬಿಟ್ಟರೆ ಬೇರೆ ಓಡಾಟ ಬೇಕಾಗಿಲ್ಲ. ಅವರು ಅವತ್ತು ಸಿಗದಿದ್ದರೆ ಅರ್ಧ ಕೆಲಸ ಫೋನಿನಲ್ಲೇ ಆಗುತ್ತೆ. ಮಾತ್ರೆ ಸ್ಟ್ರಿಪ್ಪಿನ ಫೋಟೋ, ಹಳೆಯ ಇಸಿಜಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಬಹುದು. ರಕ್ತಪರೀಕ್ಷೆ ನಿಮ್ಮ ತಾಲೂಕು ಆಸ್ಪತ್ರೆಯಲ್ಲೇ ಮಾಡಿಸಬಹುದು. ಎರಡು ದಿನ ಮೊದಲು ಒಬ್ಬ ಸಿಸ್ಟರ್ ಫೋನ್ ಮಾಡಿ ‘ಜ್ವರ ಇದೆಯಾ, ಕೆಮ್ಮು ಇದೆಯಾ, ಆ ಮಾತ್ರೆ ನಿಲ್ಲಿಸಿದ್ರಾ, ಜೊತೆಗೆ ಯಾರು ಬರ್ತಾರೆ’ ಅಂತ ಕೇಳಿದರೆ ಸಾಕು, ಎಷ್ಟೋ ಜನರ ಸುಮ್ನೆ ಓಡಾಟ ತಪ್ಪುತ್ತೆ. ಇದಕ್ಕೆ ಮಿಷನ್ ಬೇಡ, ಸೂಪರ್ ಸ್ಪೆಷಾಲಿಟಿ ಕಟ್ಟಡವೂ ಬೇಡ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ದನಿ ಎತ್ತಿದರಲ್ಲ, ನಾನೂ ಅದರ ಪರವೇ. ಅದು ಬರುವ ತನಕ ಒಂದು ಫೋನ್ ಮಾಡಲು ಅಡ್ಡಿ ಏನು?

ಜ್ವರ, ಕೆಮ್ಮು ಅಂದೆನಲ್ಲ. ಮಕ್ಕಳದ್ದು ಇದರಲ್ಲಿ ದೊಡ್ಡ ಪಾಲು. ಮೂಗು ಸೋರುವ ಮಗುವಿಗೆ ಮಂಪರು ಕೊಟ್ಟರೆ ಗಂಟಲು ಇದ್ದಕ್ಕಿದ್ದಂತೆ ಬಿಗಿದುಕೊಂಡು ಉಸಿರು ನಿಲ್ಲಬಹುದು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಮುಂದೆ ಹಾಕುತ್ತೇವೆ. ದೊಡ್ಡವರಲ್ಲಿ, ಅದರಲ್ಲೂ ಮಂಡಿ ಬದಲಿಸುವವರಲ್ಲಿ, ನಮ್ಮ ಕಡೆಯದೇ ಒಂದು ಕಾರಣವಿದೆ. ಮಳೆಗಾಲದಲ್ಲಿ ಗದ್ದೆ, ತೋಟ ಅಂತ ದಿನವಿಡೀ ಕೆಸರಿನಲ್ಲಿದ್ದು ಕಾಲ್ಬೆರಳ ಸಂದಿ ಬೆಳ್ಳಗೆ ಕೊಳೆತಿರುತ್ತೆ. ಅವರಿಗೆ ಅದು ರೋಗವೇ ಅಲ್ಲ. ಆದರೆ ಆ ಹುಣ್ಣಿನಲ್ಲಿರುವ ಕ್ರಿಮಿ ರಕ್ತದ ಜೊತೆ ಹೋಗಿ ಹೊಸ ಮಂಡಿಯಲ್ಲಿ ಕೂತರೆ, ಹಾಕಿದ ಕೀಲನ್ನೇ ತೆಗೆಯಬೇಕಾಗಬಹುದು. ಹುಳುಕು ಹಲ್ಲು, ಮೂತ್ರದ ಸೋಂಕು, ಮೈಮೇಲಿನ ಕುರು, ಎಲ್ಲಕ್ಕೂ ಇದೇ ಮಾತು. ಬೆರಳ ಸಂದಿಯನ್ನು ಹದಿನೈದು ದಿನ ಮೊದಲು ತೋರಿಸಿದರೆ ಮುಲಾಮಿನಲ್ಲಿ ಮುಗಿಯುತ್ತೆ.

ಕರಾವಳಿಯವರದ್ದು ಬೇರೆ ಕತೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದುಡಿಮೆ ಇಲ್ಲದ ಆ ಎರಡು ತಿಂಗಳಲ್ಲಿ ಆಪರೇಷನ್ ಮುಗಿಸಿಕೊಳ್ಳೋಣ ಅಂತ ಮೀನುಗಾರರ ಮನೆಯವರು ಯೋಚಿಸುವುದು ನ್ಯಾಯವೇ. ಕಷ್ಟ ಏನೆಂದರೆ, ಆಪರೇಷನ್‌ಗೆ ವರ್ಷದಲ್ಲೇ ಅತಿ ತೊಂದರೆಯ ತಿಂಗಳುಗಳೂ ಅವೇ. ಕೆಮ್ಮು, ನೆಗಡಿ, ಡೆಂಗಿ ಆಗಲೇ. ಕರೆಂಟ್ ಹೋಗುವುದೂ ಆಗಲೇ.

ಕರೆಂಟ್ ಹೋದರೆ ಜನರೇಟರ್ ಇದೆಯಲ್ಲ ಅನ್ನಬಹುದು. ಟೇಬಲ್ ಮೇಲಿರುವವರಿಗೆ ಅದು ಸಾಕು. ಆದರೆ ಹಿಂದಿನ ಕೋಣೆಯಲ್ಲಿ ಆಟೋಕ್ಲೇವ್ ಇರುತ್ತೆ, ಆಪರೇಷನ್ ಸಾಮಾನನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಪಾತ್ರೆ. 121 ಡಿಗ್ರಿ, 15 ಪೌಂಡ್ ಒತ್ತಡ, ಬಟ್ಟೆಯ ಗಂಟಿಗೆ ಅರ್ಧ ಗಂಟೆಯ ಸುಮಾರು. ಅದರ ಮೇಲೆ ಒಣಗಲು ಸಮಯ. ನಡುವೆ ಕರೆಂಟ್ ಕೈಕೊಟ್ಟರೆ ಮೊದಲಿನಿಂದ ಶುರು. ಆಷಾಢದಲ್ಲಿ ನಮ್ಮ ಮನೆಯಲ್ಲಿ ಬಟ್ಟೆ ಒಣಗುತ್ತಾ? ಆಸ್ಪತ್ರೆಯಲ್ಲೂ ಒಣಗುವುದಿಲ್ಲ. ಹಸಿರು ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಸಿಸ್ಟರ್ ಹೊರಗೆ ತೆಗೆಯುತ್ತಾರೆ. ಅದಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಕಪ್ಪು ಗೆರೆ ಮೂಡಿರುತ್ತೆ, ಅಂದರೆ ಬಿಸಿ ತಾಗಿದೆ. ಆದರೆ ಅಂಗೈ ಇಟ್ಟರೆ ತಳಭಾಗ ತೇವ. ಒದ್ದೆ ಬಟ್ಟೆಯ ಮೂಲಕ ಹೊರಗಿನ ಕ್ರಿಮಿ ಒಳಗೆ ನುಸುಳುತ್ತೆ, ಹಾಗಾಗಿ ಆ ಗಂಟು ಬಿಚ್ಚುವಂತಿಲ್ಲ. ನಾಲ್ಕು ಗಂಟಿನಲ್ಲಿ ಎರಡು ಒದ್ದೆಯಾದರೆ ನಾಲ್ಕು ಆಪರೇಷನ್‌ನಲ್ಲಿ ಎರಡು ನಾಳೆಗೆ. ಹೊರಗೆ ಕಾಯುವವರಿಗೆ ‘ಮಿಷನ್ ಸರಿಯಿಲ್ಲ’ ಅನ್ನುತ್ತಾರೆ. ಸುಮ್ಮನಿದ್ದು ಆ ಗಂಟನ್ನೇ ಬಿಚ್ಚಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡದ ಸಿಸ್ಟರ್‌ಗಳ ಬಗ್ಗೆ ನನಗೆ ಬಹಳ ಗೌರವ.

ಇನ್ನು ಜನರ ಕೊರತೆ. ಸಣ್ಣ ಊರುಗಳಲ್ಲಿ ಒಬ್ಬ ಅರಿವಳಿಕೆ ವೈದ್ಯರು ಎರಡು ಮೂರು ಆಸ್ಪತ್ರೆಗೆ ಓಡಾಡುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಇಲ್ಲಿ ಹರ್ನಿಯಾ ಅಂತಿರುತ್ತೆ. ಎಂಟೂವರೆಗೆ ಇನ್ನೊಂದು ಕಡೆಯಿಂದ ಫೋನ್, ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ಇಳಿಯುತ್ತಿದೆ, ಸಿಸೇರಿಯನ್ ಆಗಬೇಕು. ತೀರಾ ತುರ್ತಿನ ಸಿಸೇರಿಯನ್‌ನಲ್ಲಿ ನಿರ್ಧಾರ ಮಾಡಿದ ಅರ್ಧ ಗಂಟೆಯಲ್ಲಿ ಮಗು ಹೊರಗೆ ಬರಬೇಕು ಅನ್ನುವುದು ಗುರಿ. ಹರ್ನಿಯಾ ಕಾಯುತ್ತೆ, ಮಗು ಕಾಯುವುದಿಲ್ಲ. ಮೊದಲ ಬಸ್ಸು ತಡವಾದರೆ ಆ ರೂಟಿನ ಬಸ್ಸುಗಳೆಲ್ಲ ದಿನವಿಡೀ ತಡವಾಗುತ್ತವಲ್ಲ, ಓಟಿಯ ಪಟ್ಟಿಯೂ ಹಾಗೆಯೇ. ಸಂಜೆ ಹೊತ್ತಿಗೆ ಕೊನೆಯ ಬಸ್ಸು ರದ್ದು. ಸಂಜೆ ಆರರ ಮೇಲೆ ದಣಿದ ತಂಡ ಹೊಸ ಕೇಸ್ ಶುರು ಮಾಡುವುದೂ ಒಳ್ಳೆಯದಲ್ಲ.

ಇಷ್ಟನ್ನು ನೀವು ಕ್ಷಮಿಸಬಹುದು. ಒಂದನ್ನು ಕ್ಷಮಿಸಬೇಕಿಲ್ಲ. ಎಷ್ಟೋ ಕಡೆ ನಾಲ್ಕು ಆಪರೇಷನ್‌ಗೆ ಸಮಯವಿದ್ದಲ್ಲಿ ಆರು ಹೆಸರು ಬರೆದಿರುತ್ತಾರೆ. ಯಾರಾದರೂ ಬಾರದೇ ಇದ್ದರೆ ಟೇಬಲ್ ಖಾಲಿ ಉಳಿಯಬಾರದು ಅಂತ. ಆರನೆಯವರ ಸರದಿ ಬರುವುದಿಲ್ಲ ಅಂತ ಬೆಳಗ್ಗೆಯೇ ಎಲ್ಲರಿಗೂ ಗೊತ್ತಿರುತ್ತೆ, ಆರನೆಯವರೊಬ್ಬರನ್ನು ಬಿಟ್ಟು. ಅವರು ಸಂಜೆಯ ತನಕ ಉಪವಾಸ ಕೂತಿರುತ್ತಾರೆ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ನಿಯಮವಿದೆ. ಆಸ್ಪತ್ರೆಯ ಕಾರಣದಿಂದ ಕೊನೆ ಗಳಿಗೆಯಲ್ಲಿ ರದ್ದಾದರೆ 28 ದಿನದೊಳಗೆ ಹೊಸ ತಾರೀಖು ಕೊಡಬೇಕು. ನಮ್ಮಲ್ಲಿ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ಮಂಡಳಿ) ಮಾನ್ಯತೆ ಪಡೆದ ಆಸ್ಪತ್ರೆಗಳು ಎಷ್ಟು ಆಪರೇಷನ್ ಮುಂದೆ ಹೋದವು ಅಂತ ಲೆಕ್ಕ ಇಡಬೇಕು. ಆ ಲೆಕ್ಕವನ್ನು ಸಣ್ಣ ಆಸ್ಪತ್ರೆಗಳೂ ಇಟ್ಟುಕೊಳ್ಳಬೇಕು, ಕಾರಣವನ್ನೂ ಪಕ್ಕದಲ್ಲೇ ಬರೆಯಬೇಕು ಅನ್ನುವುದು ನನ್ನ ಬೇಡಿಕೆ. ತಿಂಗಳ ಕೊನೆಗೆ ಆ ಪುಸ್ತಕ ತೆರೆದರೆ ನಾಚಿಕೆಯಾದರೂ ಆಗುತ್ತೆ.

ರಕ್ತದ ಬಗ್ಗೆ ಎರಡು ಮಾತು. ಕೆಂಪು ರಕ್ತಕಣದ ಚೀಲ, ಅದಕ್ಕೆ ಯಾವ ದ್ರಾವಣ ಸೇರಿಸಿದ್ದಾರೆ ಅನ್ನುವುದರ ಮೇಲೆ, 35 ಅಥವಾ 42 ದಿನ ಕೆಡದೆ ಇರುತ್ತೆ. ಪ್ಲೇಟ್‌ಲೆಟ್ ಐದೇ ದಿನ. ರಕ್ತ ಕೊಡುವವರಲ್ಲಿ ಕಾಲೇಜು ಹುಡುಗರು ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ, ರಜೆ ಬಂದರೆ ಬ್ಲಡ್ ಬ್ಯಾಂಕ್ ಬರಿದಾಗುತ್ತೆ. ನೆಗೆಟಿವ್ ಗುಂಪಿನವರಿಗೆ ಹುಡುಕಾಟ. ಅದಕ್ಕಿಂತ ಅಪರೂಪದ್ದು ಬಾಂಬೆ ಗುಂಪು. 1952ರಲ್ಲಿ ಮುಂಬೈಯಲ್ಲಿ ಡಾಕ್ಟರ್ ವೈ. ಎಂ. ಭೇಂಡೆ ಮತ್ತು ಜೊತೆಯವರು ಕಂಡುಹಿಡಿದದ್ದು. ಮಾಮೂಲಿ ಪರೀಕ್ಷೆಯಲ್ಲಿ ‘ಓ’ ಥರ ಕಾಣುತ್ತೆ, ಆದರೆ ‘ಓ’ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹಿಂದಿನ ರಾತ್ರಿ ಹೊಂದಾಣಿಕೆ ನೋಡುವಾಗ ಯಾವ ಚೀಲವೂ ಹೊಂದುತ್ತಿಲ್ಲ ಅಂತ ಗೊತ್ತಾದರೆ ಆಪರೇಷನ್ ನಿಲ್ಲಿಸುವುದು ಬಿಟ್ಟು ದಾರಿಯಿಲ್ಲ. ಎರಡು ವಾರ ಮೊದಲು ಗೊತ್ತಾದರೆ ದಾನಿಯನ್ನು ಹುಡುಕಬಹುದು.

ಕಾಗದಪತ್ರ ನಿಮಗೆಲ್ಲ ಗೊತ್ತಿರುವ ಗೋಳು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಖರ್ಚು ಸಿಗುತ್ತೆ. ಎಪಿಎಲ್ ಆದರೆ ಖರ್ಚಿನಲ್ಲಿ ನೂರಕ್ಕೆ 30 ಭಾಗ, ಹೆಚ್ಚೆಂದರೆ ಒಂದೂವರೆ ಲಕ್ಷ. ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. ನಡುವೆ ಕೆಲವು ವರ್ಷ ನಿಂತು 2022-23ರಲ್ಲಿ ಮತ್ತೆ ಶುರುವಾಯಿತು. ಇವುಗಳಲ್ಲಿ ಆಪರೇಷನ್‌ಗೆ ಮೊದಲೇ ಒಪ್ಪಿಗೆ ಬರಬೇಕು. ಕೆಲವಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಅಲ್ಲಿಗೆ ನಿಂತಿತು. ತಾರೀಖು ಸಿಕ್ಕಿದ ದಿನವೇ ಆಸ್ಪತ್ರೆಯಲ್ಲಿ ಈ ಯೋಜನೆಗಳ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಕಾರ್ಡು ಕೊಟ್ಟು ನೋಡಿಸಿ.

ರಸ್ತೆಯನ್ನು ಬಿಟ್ಟು ನಮ್ಮ ಜಿಲ್ಲೆಯ ಯಾವ ಮಾತೂ ಮುಗಿಯುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು, ಕುಮಟಾ ಕಡೆಯವರಿಗೆ ಕಾರವಾರ ದೂರವಾಯಿತು. ಮರುತಿಂಗಳು 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು, ಗೋವಾದ ಬಾಂಬೋಲಿಮ್‌ಗೆ ದೊಡ್ಡ ಆಸ್ಪತ್ರೆಗೆ ಅಂತ ಹೋಗುವವರು ಕಂಗಾಲಾದರು. ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದ ಕತೆ ನಿಮಗೆ ನಾನು ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ರೋಗಿ ಮಾತ್ರ ಅಲ್ಲ, ಸರ್ಜನ್, ಸಿಸ್ಟರ್, ಆಕ್ಸಿಜನ್ ಗಾಡಿ, ಎಲ್ಲರೂ ಗುಡ್ಡದ ಆ ಕಡೆಯೇ ಉಳಿಯಬಹುದು. ಮಳೆಗಾಲದಲ್ಲಿ ತಾರೀಖು ಇದ್ದರೆ, ಹೊರಡುವ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಿ.

ಕೊರೋನಾ ಕಾಲದ್ದು ಒಂದೇ ಮಾತಿನಲ್ಲಿ ಹೇಳುತ್ತೇನೆ. 2020ರಲ್ಲಿ 12 ವಾರಗಳಲ್ಲಿ ಜಗತ್ತಿನಾದ್ಯಂತ 2.8 ಕೋಟಿ ಆಪರೇಷನ್ ಮುಂದೆ ಹೋಗಬಹುದು ಅಂತ ವೈದ್ಯರ ಒಂದು ಅಂತಾರಾಷ್ಟ್ರೀಯ ತಂಡ ಅಂದಾಜು ಮಾಡಿತ್ತು. ಅಷ್ಟು ದೊಡ್ಡದನ್ನು ಬಿಟ್ಟುಬಿಡೋಣ, ನಮ್ಮ ಕೈಯಲ್ಲಿ ಇರುವುದನ್ನು ನೋಡೋಣ.

ಒಬ್ಬರು ಅಕ್ಕ ಕೇಳಿದರು: ‘ಅಮಾವಾಸ್ಯೆ, ಪಕ್ಷ, ಸೂತಕ ಅಂತ ನಾವೇ ಬೇಡ ಅಂದರೆ ನೀವು ಬೈತೀರಾ?’ ಬೈಯುವುದಿಲ್ಲ ಅಕ್ಕ. ಸೂತಕ ಹೇಳಿ ಕೇಳಿ ಬರುವುದಿಲ್ಲ, ಅದು ಬೇರೆ. ಆದರೆ ಅಮಾವಾಸ್ಯೆ ಕ್ಯಾಲೆಂಡರಿನಲ್ಲೇ ಇರುತ್ತೆ. ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ ಅಂತ ಊರಿಗೆಲ್ಲ ಗೊತ್ತು, ಅಡಿಕೆ ಕೊಯ್ಲು ಯಾವಾಗ ಅಂತಲೂ ಗೊತ್ತು. ತಾರೀಖು ಕೊಡುವಾಗ ಸುಮ್ನೆ ತಲೆ ಆಡಿಸಿ, ಆಮೇಲೆ ಅವತ್ತು ಬಾರದೇ ಇದ್ದರೆ ಆ ಜಾಗ ಇನ್ನೊಬ್ಬರಿಗೆ ಸಿಗದೇ ಹಾಳಾಗುತ್ತೆ. ‘ಆ ದಿನ ಬೇಡ ಡಾಕ್ಟ್ರೇ’ ಅಂತ ಆಗಲೇ ಹೇಳಿ. ನಾವು ಬೇರೆ ದಿನ ಬರೆಯುತ್ತೇವೆ.

ಇನ್ನೊಬ್ಬರ ಪ್ರಶ್ನೆ: ‘ನನಗೆ ಬಿಪಿ 165 ಇದೆ ಅಂತ ವಾಪಸ್ ಕಳಿಸಿದ್ರು. ಸರಿಯಾ?’ ನಿಮ್ಮ ಬೇರೆ ವಿವರ ನೋಡದೆ ತೀರ್ಪು ಕೊಡಲು ಆಗುವುದಿಲ್ಲ. ಆದರೆ ಬ್ರಿಟನ್ನಿನ ವೈದ್ಯರು 2016ರಲ್ಲಿ ಮಾಡಿದ ಸೂಚನೆಯಲ್ಲಿ, ಆಪರೇಷನ್‌ಗೆ ಮೊದಲಿನ ತಪಾಸಣೆಯಲ್ಲಿ 180/110ರ ಕೆಳಗಿದ್ದರೆ ಬರೀ ಬಿಪಿಗಾಗಿ ಮುಂದೂಡಬೇಡಿ ಅಂತಿದೆ. ಆಸ್ಪತ್ರೆಯಲ್ಲಿ ಹೆದರಿಕೆಗೇ ಬಿಪಿ ಏರುತ್ತೆ. ಮನೆಯಲ್ಲಿ ಒಂದು ವಾರ ನೋಡಿ ಬರೆದಿಟ್ಟ ಚೀಟಿ ತನ್ನಿ, ನಮಗೂ ಧೈರ್ಯ ಬರುತ್ತೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ‘ಮುಂದೆ ಹೋಯ್ತು ಅಂದ ಮೇಲೆ ನಾವು ಏನು ಮಾಡಬೇಕು?’ ಕಾರಣ ಏನು ಅಂತ ಕೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿ. ಅದು ನಿಮ್ಮ ಹಕ್ಕು. ಹೊಸ ತಾರೀಖು ಅಲ್ಲೇ ಕೇಳಿ. ಮಾಡಿಸಿದ ಪರೀಕ್ಷೆಗಳು ಆ ತಾರೀಖಿನ ತನಕ ನಡೆಯುತ್ತವಾ, ಯೋಜನೆಯ ಒಪ್ಪಿಗೆ ಮತ್ತೆ ತೆಗೆದುಕೊಳ್ಳಬೇಕಾ ಅಂತ ಕೇಳಿ. ಇವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ನಿಲ್ಲಿಸಿದ ಮಾತ್ರೆ ಮತ್ತೆ ಯಾವಾಗ ಶುರು ಮಾಡಬೇಕು ಅಂತ. ರಕ್ತ ತೆಳು ಮಾಡುವ ಮಾತ್ರೆ ಐದು ದಿನ ಬಿಟ್ಟು ಬಂದಿರುತ್ತೀರಿ. ಆಪರೇಷನ್ ರದ್ದಾಗುತ್ತೆ, ಬೇಜಾರಿನಲ್ಲಿ ಎಲ್ಲರೂ ಮನೆಗೆ ಹೋಗುತ್ತಾರೆ. ಮಾತ್ರೆ ಶುರು ಮಾಡಿ ಅಂತ ಯಾರೂ ಹೇಳಿರುವುದಿಲ್ಲ, ಹೊಸ ತಾರೀಖು ಮೂರು ವಾರ ಆಚೆ ಇರುತ್ತೆ. ಆ ಮೂರು ವಾರದಲ್ಲಿ ಪಾರ್ಶ್ವವಾಯು ಹೊಡೆಯಬಹುದು, ಸ್ಟೆಂಟ್ ಮುಚ್ಚಿಕೊಳ್ಳಬಹುದು. ಸಿಸ್ಟರ್ ‘ಊಟ ಮಾಡಿ’ ಅಂದ ಕೂಡಲೇ ‘ಮಾತ್ರೆ?’ ಅಂತ ಕೇಳಿ. ಉತ್ತರ ಸಿಗುವ ತನಕ ಹಾಸಿಗೆ ಬಿಟ್ಟು ಏಳಬೇಡಿ.